ನೆಂದ ಗೋಣಿಯಿಂದ ಹ್ಯೂಮಿಡಿಫೈಯರ್‌ವರೆಗೆ: ಕುಣಿಗಲ್ ಸೀಮೆಯ ಹುಳುಮನೆಗಳ ಕತೆ

1786ರ ಸೆಪ್ಟೆಂಬರ್‌ನಲ್ಲಿ ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಒಂದು ಪತ್ರ ಬರೆಸಿದ. ರೇಷ್ಮೆ ಹುಳು ತರಲೆಂದು ಬಂಗಾಳಕ್ಕೆ ಹೋಗಿದ್ದ ಬಹಾಉದ್ದೀನ್ ಮತ್ತು ಕಸ್ತೂರಿ ರಂಗ ವಾಪಸು ಬರುತ್ತಿದ್ದಾರೆ. ಹುಳುಗಳನ್ನು ಎಂಥ ಜಾಗದಲ್ಲಿ ಇಡಬೇಕು, ಅವು ಹೆಚ್ಚುವಂತೆ ಮಾಡುವುದು ಹೇಗೆ ಎಂದು ಅವರಿಂದ ಕೇಳಿ ತಿಳಿದು ಬರೆ ಎಂಬುದು ಅದರ ಸಾರಾಂಶ. ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದ ಟಿಪ್ಪುವಿನ ಪತ್ರಗಳಲ್ಲಿ ಇದೂ ಒಂದು. ರಾಜ್ಯದ 21 ಕಡೆ ರೇಷ್ಮೆ ಸಾಕಣೆ ಶುರುಮಾಡುವ ಯೋಜನೆ ಸುಲ್ತಾನನದು. ಹಿಪ್ಪುನೇರಳೆ ನೆಡಲು ಆಗಲೇ ಆಜ್ಞೆಯಾಗಿತ್ತು. ಸೊಪ್ಪಿನ ಚಿಂತೆ ಮುಗಿದ ಮೇಲೆ ಉಳಿದದ್ದು ಮನೆಯ ಚಿಂತೆ.

ಆ ಚಿಂತೆ ಸುಮ್ಮನೆ ಹುಟ್ಟಿದ್ದಲ್ಲ. ಬಂಗಾಳ ನದಿಮುಖಜ ಭೂಮಿ. ಅಲ್ಲಿ ವರ್ಷದ ಬಹುಭಾಗ ಗಾಳಿಯಲ್ಲೇ ನೀರು. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ತುಮಕೂರು, ಗುಬ್ಬಿ, ಕುಣಿಗಲ್ ಬಯಲಿನಲ್ಲಿ ಶಿವರಾತ್ರಿ ಕಳೆಯಿತೆಂದರೆ ಗಾಳಿ ಒಣಗಿ, ಒಗೆದು ಹರವಿದ ಪಂಚೆ ಗಳಿಗೆಯಲ್ಲಿ ಗರಿಗರಿಯಾಗುತ್ತದೆ. ರೇಷ್ಮೆ ಹುಳು ನೀರು ಕುಡಿಯುವುದಿಲ್ಲ. ಅದಕ್ಕೆ ಸಿಗುವ ನೀರೆಲ್ಲ ತಿನ್ನುವ ಎಲೆಯಲ್ಲಿರುವುದೇ. ಕಿತ್ತ ಚಿಗುರು ಒಣ ಗಾಳಿಯಲ್ಲಿ ಒಂದೆರಡು ಗಂಟೆಯಲ್ಲಿ ಬಾಡುತ್ತದೆ, ಬಾಡಿದ ಎಲೆಯನ್ನು ಮರಿಹುಳು ಮುಟ್ಟುವುದಿಲ್ಲ. ಮೊಟ್ಟೆಯೊಡೆದಾಗ ಅರ್ಧ ಮಿಲಿಗ್ರಾಂ ಕೂಡ ತೂಗದ ಈ ಜೀವ ಇಪ್ಪತ್ತೈದು ದಿನಗಳಲ್ಲಿ ಸುಮಾರು ಹತ್ತು ಸಾವಿರ ಪಟ್ಟು ಬೆಳೆಯಬೇಕು. ಮೊದಲ ವಾರದಲ್ಲಿ ಒಂದು ಹೊತ್ತಿನ ಮೇವು ತಪ್ಪಿದರೂ ಆ ನಷ್ಟ ಕೊನೆಗೆ ಗೂಡಿನ ತೂಕದಲ್ಲಿ ಕಾಣುತ್ತದೆ.

ಹೀಗೆ, ಮನುಷ್ಯರು ತಮಗಾಗಿ ಎಂದೂ ಗಾಳಿಯನ್ನು ನೆನೆಸಿಕೊಳ್ಳದ ಈ ಸೀಮೆಯಲ್ಲಿ ಹುಳುವಿಗಾಗಿ ಗಾಳಿಯನ್ನು ಹಸಿ ಮಾಡುವ ವಿದ್ಯೆ ಬೆಳೆಯಿತು.

ಹಳೆಯ ಹುಳುಮನೆ ಎಂದರೆ ಬೇರೆ ಕಟ್ಟಡವಲ್ಲ. ಮಣ್ಣಿನ ಗೋಡೆಯ, ಮಾಳಿಗೆಯ ಅಥವಾ ನಾಡಹೆಂಚಿನ ವಾಸದ ಮನೆಯ ನಡುಮನೆಯೇ ಅದು. ಬೆಳೆ ಏಳುವ ತಿಂಗಳಲ್ಲಿ ಮನೆಯವರು ಜಗಲಿಗೆ, ಹಿತ್ತಲಿಗೆ ಸರಿದು ಒಳಗಿನ ಜಾಗವನ್ನು ಹುಳುವಿಗೆ ಬಿಟ್ಟುಕೊಡುತ್ತಿದ್ದರು. ಬಿದಿರಿನ ತಟ್ಟೆಗಳು ಒಂದರ ಮೇಲೊಂದು, ಅವುಗಳ ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ನೀರು ತುಂಬಿದ ಬಟ್ಟಲು. ಸೆಗಣಿ ಸಾರಿಸಿದ ನೆಲಕ್ಕೆ ಮಧ್ಯಾಹ್ನ ನೀರು ಚಿಮುಕಿಸುವುದು, ಕಿಟಕಿ ಬಾಗಿಲಿಗೆ ಗೋಣಿತಾಟು ಇಳಿಬಿಟ್ಟು ಹೊತ್ತುಹೊತ್ತಿಗೆ ನೆನೆಸುವುದು, ಮೂಲೆಯಲ್ಲಿ ನೀರು ತುಂಬಿದ ಮಣ್ಣಿನ ಮಡಕೆ ಇಡುವುದು ಬೇಸಗೆಯ ಉಪಾಯಗಳು. ಗುಬ್ಬಿಯ ಕಡೆ ತೆಂಗು, ಅಡಿಕೆ ತೋಟದ ನೆರಳು ಹತ್ತಿರವಿದ್ದವರಿಗೆ ಅರ್ಧ ಕೆಲಸ ತೋಟವೇ ಮಾಡಿಕೊಡುತ್ತಿತ್ತು; ಇಲ್ಲದವರು ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ ನೀರು ಎರಚುತ್ತಿದ್ದರು. ಇದರಲ್ಲಿ ಬಹುಪಾಲು ಹೆಂಗಸರ ದುಡಿಮೆ. ಗೋಣಿ ಒಣಗಿತೇ ಇಲ್ಲವೇ ಎಂದು ರಾತ್ರಿ ಎದ್ದು ಮುಟ್ಟಿ ನೋಡುವವರು ಅವರೇ ಆಗಿದ್ದರು.

ಚಳಿಗಾಲದ ಕಷ್ಟ ಬೇರೆ. ಮಾರ್ಗಶಿರ, ಪುಷ್ಯದ ಇರುಳು ಹುಳು ಚಳಿಗೆ ಮಂಕಾಗಿ ಮೇಯುವುದನ್ನು ನಿಲ್ಲಿಸುತ್ತದೆ. ಆಗ ಇದ್ದಿಲಿನ ಅಗ್ಗಿಷ್ಟಿಕೆ ಬೇಕು. ಸಮಸ್ಯೆ ಶುರುವಾಗುವುದು ಇಲ್ಲೇ. ಕೋಣೆಯ ಗಾಳಿ 20 ಡಿಗ್ರಿ ಇದ್ದು ಅದರ ತೇವಾಂಶ ಶೇ. 80 ಇದೆ ಎಂದುಕೊಳ್ಳಿ. ಬೇರೇನೂ ಮಾಡದೆ ಬೆಂಕಿಯಿಟ್ಟು 27 ಡಿಗ್ರಿಗೆ ಏರಿಸಿದರೆ ತೇವಾಂಶ ಶೇ. 52ರ ಸುಮಾರಿಗೆ ಇಳಿಯುತ್ತದೆ. ಗಾಳಿಯಲ್ಲಿದ್ದ ನೀರು ಎಲ್ಲೂ ಹೋಗಿಲ್ಲ. ಬಿಸಿಯಾದ ಗಾಳಿಗೆ ಇನ್ನಷ್ಟು ನೀರು ಹಿಡಿಯುವ ಶಕ್ತಿ ಬಂದಿದೆ, ಆ ಹಸಿವನ್ನು ಅದು ತಟ್ಟೆಯಲ್ಲಿರುವ ಎಲೆಯಿಂದ ತೀರಿಸಿಕೊಳ್ಳುತ್ತದೆ. ಅದಕ್ಕೇ ಅಗ್ಗಿಷ್ಟಿಕೆಯ ಮೇಲೆ ನೀರಿನ ಪಾತ್ರೆ ಇಡುವ ರೂಢಿ. ಬೆಂಕಿ ಬಿಸಿ ಕೊಡಬೇಕು, ಪಾತ್ರೆ ಹಬೆ ಕೊಡಬೇಕು. ಒಂದನ್ನು ಬಿಟ್ಟು ಇನ್ನೊಂದು ನಡೆಯದು.

ಅಮೆರಿಕದ ಮಿನ್ನೆಸೋಟದಲ್ಲೋ ಮಿಷಿಗನ್‌ನಲ್ಲೋ ನೆಲೆಸಿರುವ ಕನ್ನಡ ಕುಟುಂಬಕ್ಕೆ ಈ ಲೆಕ್ಕ ಬೇರೊಂದು ದಾರಿಯಲ್ಲಿ ಗೊತ್ತು. ಹೊರಗೆ ಸೊನ್ನೆ ಡಿಗ್ರಿಯಲ್ಲಿ ಶೇ. 80 ತೇವವಿರುವ ಗಾಳಿ ಮನೆಯೊಳಗೆ ಬಂದು 21 ಡಿಗ್ರಿಗೆ ಕಾದರೆ ತೇವಾಂಶ ಶೇ. 20ಕ್ಕೆ ಕುಸಿಯುತ್ತದೆ. ತುಟಿ ಒಡೆಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚುರುಕ್ ಎನ್ನುತ್ತದೆ. ಅದಕ್ಕಾಗಿ ಅಲ್ಲಿ ನೆಲಮಾಳಿಗೆಯ ಫರ್ನೇಸಿನ ಗಾಳಿಕೊಳವೆಗೇ ಹ್ಯೂಮಿಡಿಫೈಯರ್ ಜೋಡಿಸುತ್ತಾರೆ. ತೇವಾಂಶ ಕಡಿಮೆಯಾಗಿರಬೇಕು, ಫರ್ನೇಸಿನ ಫ್ಯಾನೂ ತಿರುಗುತ್ತಿರಬೇಕು. ಎರಡೂ ಕೂಡಿದಾಗ ಮಾತ್ರ ನೀರಿನ ವಾಲ್ವ್ ತೆರೆಯುವಂತೆ 24 ವೋಲ್ಟ್‌ನ ಸಣ್ಣ ತಂತಿಗಳನ್ನು ಹೆಣೆದಿರುತ್ತಾರೆ. ಅಗ್ಗಿಷ್ಟಿಕೆಯ ಮೇಲಿನ ನೀರಿನ ಪಾತ್ರೆ ಮಾಡುವ ಕೆಲಸವೂ ಇದೇ.

ಬಿಸಿಯನ್ನೂ ಹಸಿಯನ್ನೂ ಒಟ್ಟಿಗೆ ಅಳೆದು ಕೊಡುವ ಶಾಸ್ತ್ರ ಜಗತ್ತಿನಲ್ಲಿ ಬಲಿತ ಜಾಗಗಳಲ್ಲಿ ರೇಷ್ಮೆ ಮನೆಯೂ ಒಂದು. 19ನೇ ಶತಮಾನದ ಆರಂಭದಲ್ಲಿ ಇಟಲಿಯ ವಿಂಚೆಂಜೊ ಡಾಂಡೊಲೊ ಹುಳುಮನೆಯೊಳಗೆ ಥರ್ಮಾಮೀಟರ್ ಮತ್ತು ತೇವಮಾಪಕ ತೂಗುಹಾಕಿ, ಅವನ್ನು ನೋಡಿ ಬೆಂಕಿ ಹೆಚ್ಚುಕಡಿಮೆ ಮಾಡಬೇಕೆಂದು ಬರೆದ. 1830ರ ದಶಕದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ದಾರ್ಸೆ ಕೆಳಗಿನ ಕೋಣೆಯಲ್ಲಿ ಗಾಳಿ ಕಾಯಿಸಿ ಮೇಲಿನ ಹುಳುಮನೆಗೆ ಹಾಯಿಸುವ ವಿನ್ಯಾಸ ಕೊಟ್ಟ. ಜಪಾನಿನ ತಾಜಿಮಾ ಯಾಹೇ ಗಾಳಿಯಾಟಕ್ಕೆ ಒತ್ತು ಕೊಟ್ಟು ಮನೆ ಕಟ್ಟಿಸಿದರೆ, 1884ರಲ್ಲಿ ಸ್ಥಾಪನೆಯಾದ ತಾಕಾಯಾಮಾ-ಶಾ ಶಾಲೆ ಗಾಳಿಯಾಟದ ಜೊತೆ ಇದ್ದಿಲಿನ ಬಿಸಿಯನ್ನೂ ಹೊಂದಿಸಿ ಕಲಿಸಿತು. ಈ ಎರಡು ತಾಣಗಳು ತೊಮಿಯೊಕಾ ರೇಷ್ಮೆ ಗಿರಣಿಯೊಂದಿಗೆ 2014ರಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ.

ಮೈಸೂರಿಗೆ ಈ ವಿದ್ಯೆ ಬಂದದ್ದು ಮುಖ್ಯವಾಗಿ ಜಪಾನಿನ ಕೈಯಿಂದ. 19ನೇ ಶತಮಾನದ ಉತ್ತರಾರ್ಧದಲ್ಲಿ ರೋಗಗಳು ಹುಳುಮನೆಗಳನ್ನು ಬರಿದು ಮಾಡಿದಾಗ ದೆ ವೆಕ್ಕಿ ಎಂಬ ಇಟಲಿಯವ ಜಪಾನಿನ ಮೊಟ್ಟೆ ತರಿಸಿ ಉದ್ಯಮವನ್ನು ಎತ್ತಿ ನಿಲ್ಲಿಸಲು ನೋಡಿದ್ದ. ಶತಮಾನದ ಕೊನೆಯಲ್ಲಿ ಜಮ್ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದು, ಕೆಲಸ ಕಲಿಸಲು ಜಪಾನಿನ ಓಡ್ಜು ದಂಪತಿಯನ್ನು ಕರೆಸಿಕೊಂಡರು. ಬಸವನಗುಡಿಯ ಪಕ್ಕದ ಬಡಾವಣೆ ಈಗಲೂ ಟಾಟಾ ಸಿಲ್ಕ್ ಫಾರಂ. 1910ರಲ್ಲಿ ಫಾರಂ ಸಾಲ್ವೇಶನ್ ಆರ್ಮಿಯ ಕೈಸೇರಿತು. ಬಳಿಕ ಮೈಸೂರು ಸರ್ಕಾರ ಇಟಲಿಯ ವಾಷಿಂಗ್ಟನ್ ಮಾರಿಯವರನ್ನು ತಜ್ಞರಾಗಿ ನೇಮಿಸಿಕೊಂಡು, ಚನ್ನಪಟ್ಟಣದಲ್ಲಿ ಸರ್ಕಾರಿ ಫಾರಂ ಮಾಡಿ, ರೇಷ್ಮೆಗೆಂದೇ ಒಂದು ಇಲಾಖೆ ಕಟ್ಟಿತು.

ಆ ಇಲಾಖೆಯ ಚುಕ್ಕಾಣಿ ಹಿಡಿದವರು ನವರತ್ನ ರಾಮರಾವ್. ಕನ್ನಡ ಓದುಗರಿಗೆ ‘ಕೆಲವು ನೆನಪುಗಳು’ ಬರೆದವರಾಗಿ ಪರಿಚಿತರು. ರೈತರ ಮಟ್ಟಿಗೆ ಅವರ ದೊಡ್ಡ ಕೆಲಸ ರೇಷ್ಮೆಯದು. ಜಪಾನಿನ ತಜ್ಞ ಯೋನೆಮುರಾ ಅವರ ಜೊತೆಗೂಡಿ ರಾಮರಾವ್ 1925ರಲ್ಲಿ ಹುಳು ಸಾಕಣೆಯ ಕೈಪಿಡಿ ಹೊರತಂದರು. ಆ ದಶಕದಲ್ಲೇ ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ಹೊರದೇಶದ ತಳಿಯ ಗಂಡನ್ನು ಕೂಡಿಸಿ ಪಡೆದ ಮಿಶ್ರತಳಿ ಹಳ್ಳಿಗಳಿಗೆ ಹರಡಿತು. ಇಂದಿಗೂ ರೈತರು ‘ಸಿಬಿ’ ಎಂದು ಕರೆಯುವ ಹಳದಿ ಗೂಡಿನ ವಂಶ ಶುರುವಾದದ್ದು ಹಾಗೆ.

ಕುಣಿಗಲ್‌ನ ಪಾತ್ರ ನಿರ್ಣಾಯಕವಾಗುವುದು ಇಲ್ಲಿ. ಟಿಪ್ಪುವಿನ ಕಾಲದಿಂದ ಕುದುರೆ ಫಾರಂಗೆ ಹೆಸರಾದ ಈ ಊರು, ಪಕ್ಕದ ಮಾಗಡಿ ಸೀಮೆಯೊಂದಿಗೆ ಸೇರಿ ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡಿನ ನೆಲೆಯಾಯಿತು. ಮಿಶ್ರತಳಿಗೆ ತಾಯಿ ಚಿಟ್ಟೆ ಬೇಕಲ್ಲ, ಆ ತಾಯಿಯನ್ನು ಬೆಳೆಯುವ ಹೊಣೆ ಈ ಹಳ್ಳಿಗಳದು. ಬಿತ್ತನೆ ಕೆಡಬಾರದೆಂದು ಮೊಟ್ಟೆ, ಗೂಡು, ನೂಲಿನ ಉತ್ಪಾದನೆ ಮತ್ತು ಮಾರಾಟವನ್ನು ನಿಯಂತ್ರಿಸುವ ಕಾಯ್ದೆಯನ್ನು ಮೈಸೂರು ರಾಜ್ಯ 1959ರಲ್ಲಿ ಮಾಡಿತು.

ಮೈಸೂರು ತಳಿ ಗಟ್ಟಿ ಜೀವ. ಗೂಡು ಚಿಕ್ಕದು, ಎರಡೂ ತುದಿ ಚೂಪು, ಬಣ್ಣ ಹಸಿರು ಬೆರೆತ ತೆಳುಹಳದಿ, ಎಳೆ ಬಿಚ್ಚಿದರೆ ಮುನ್ನೂರೈವತ್ತು ನಾನೂರು ಮೀಟರ್. ಇಳುವರಿಯಲ್ಲಿ ಬಡವಾದರೂ ಎರಡು ಶತಮಾನ ಈ ಬಯಲಿನ ಬಿಸಿಲು, ಒಣಗಾಳಿ ಉಂಡು ಉಳಿದದ್ದು. ಅದಕ್ಕೆ ನೆಂದ ಗೋಣಿ ಸಾಕು. ಹುಳುಮನೆಗೆ ಯಂತ್ರ ಬರುವುದಕ್ಕೆ ಹುಳುವೇ ಬದಲಾಗಬೇಕಾಯಿತು.

ಅದು ಬದಲಾದದ್ದು ಸ್ವಾತಂತ್ರ್ಯದ ನಂತರ. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ, 1961ರಲ್ಲಿ ಮೈಸೂರಿನ ಸಂಶೋಧನಾ ಸಂಸ್ಥೆ ಬಂದವು. ಬಿಳಿ ಗೂಡು ಕಟ್ಟುವ ದ್ವಿತಳಿ ಹುಳುಗಳನ್ನು ಮೈಸೂರಿನ ಸಂಸ್ಥೆ ರೂಪಿಸತೊಡಗಿತು. 1978ರಲ್ಲಿ ಅಲ್ಲಿನ ಎಸ್. ಕೃಷ್ಣಸ್ವಾಮಿ ಬರೆದ ಹೊಸ ಸಾಕಣೆ ತಂತ್ರದ ಪುಸ್ತಿಕೆ ಇಲಾಖೆಯ ಸಿಬ್ಬಂದಿಗೆ ಪಠ್ಯವೇ ಆಯಿತು. ಮೊದಲ ಹಂತದ ಹುಳುವಿಗೆ 27–28 ಡಿಗ್ರಿ ಬಿಸಿ, ಶೇ. 85–90 ತೇವಾಂಶ, ಹುಳು ಬೆಳೆದಂತೆ ಎರಡೂ ಮೆಟ್ಟಿಲಿಳಿದು ಐದನೇ ಹಂತಕ್ಕೆ 23–24 ಡಿಗ್ರಿ, ಶೇ. 65–70. ಈ ಅಂಕಿಗಳು ಗೋಡೆಯ ಮೇಲಿನ ಚಾರ್ಟ್‌ಗಳಾಗಿ ಹಳ್ಳಿಹಳ್ಳಿಗೆ ಹೋದವು. ಎಲೆ ಒಣಗದಂತೆ ಮೇಲೂ ಕೆಳಗೂ ಪ್ಯಾರಾಫಿನ್ ಕಾಗದ, ತಟ್ಟೆಯ ಅಂಚಿಗೆ ನೆನೆಸಿದ ಫೋಮ್ ಪಟ್ಟಿ ಬಂದವು. ನೆಂದ ಗೋಣಿ ಇಡೀ ಕೋಣೆಗೆ ಮಾಡುತ್ತಿದ್ದುದನ್ನು ಈ ಪಟ್ಟಿಗಳು ಒಂದೊಂದು ತಟ್ಟೆಯಲ್ಲೇ ಮಾಡಿದವು.

1980 ಎರಡು ಕಾರಣಕ್ಕೆ ನೆನಪಿಡಬೇಕಾದ ವರ್ಷ. ವಿಶ್ವಬ್ಯಾಂಕ್ ನೆರವಿನ ಕರ್ನಾಟಕ ರೇಷ್ಮೆ ಯೋಜನೆ ಆಗ ಆರಂಭವಾಯಿತು. ಅದೇ ವರ್ಷ ಪಶ್ಚಿಮ ಬಂಗಾಳದಿಂದ ಬಂದ ಗೂಡುಗಳ ಜೊತೆ ಊಜಿ ನೊಣವೂ ರಾಜ್ಯಕ್ಕೆ ಕಾಲಿಟ್ಟಿತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಈ ನೊಣಕ್ಕೆ ಹೆದರಿ ಕಿಟಕಿಗೆ ಜಾಲರಿ, ಬಾಗಿಲಿಗೆ ನೈಲಾನ್ ಪರದೆ ಹಾಕಿದರು. ನಡುಮನೆಯಲ್ಲಿ ಹೋಗಿಬರುವವರ ನಡುವೆ ಅದು ಸಾಧ್ಯವಾಗುವ ಮಾತಲ್ಲ. ವಾಸದ ಮನೆ ಬೇರೆ, ಹುಳುಮನೆ ಬೇರೆ ಎಂಬ ವಿಂಗಡಣೆಗೆ ಈ ನೊಣವೂ ಒಂದು ಕಾರಣ.

1991ರಿಂದ 2007ರವರೆಗೆ ಮೂರು ಹಂತಗಳಲ್ಲಿ ಜಪಾನಿನ ಜೈಕಾ ಸಂಸ್ಥೆಯ ತಜ್ಞರು ಕೇಂದ್ರ ರೇಷ್ಮೆ ಮಂಡಳಿಯೊಂದಿಗೆ ದುಡಿದರು. ಸಿಎಸ್ಆರ್ ತಳಿಗಳು ಬಂದವು. ಒಂದು ಗೂಡಿನಿಂದ ಸಾವಿರ ಮೀಟರ್ ಮೀರಿದ ಬಿಳಿ ಎಳೆ! ಆದರೆ ಈ ಹುಳು ಬಡವರ ಮನೆಯ ಮಗುವಿನಂತೆ ಸಿಕ್ಕಿದ್ದರಲ್ಲಿ ಬೆಳೆಯುವುದಲ್ಲ. ಮೊದಲ ಎರಡು ಹಂತದಲ್ಲಿ ಬಿಸಿ, ಹಸಿ ಎರಡೂ ಹೇಳಿದ ಅಳತೆಗೇ ಸಿಗಬೇಕು. ಒಬ್ಬೊಬ್ಬ ರೈತ ಅದನ್ನು ಒದಗಿಸುವುದು ಕಷ್ಟವೆಂದು ಚಾಕಿ ಕೇಂದ್ರಗಳು ಹುಟ್ಟಿದವು. ಅಲ್ಲಿ ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಬಿಡುವ ಹಂತ, ಏಳುವವರೆಗೆ ಮರಿಗಳನ್ನು ಸಾಕಿ ರೈತರಿಗೆ ಮಾರುತ್ತಾರೆ. ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆಗೆ 2006ರಲ್ಲಿ ತಿದ್ದುಪಡಿಯಾದ ಮೇಲೆ ಚಾಕಿ ಸಾಕುವವರೂ ನೋಂದಾಯಿಸಿಕೊಳ್ಳುವ ವ್ಯವಸ್ಥೆ ಬಂತು.

ಹ್ಯೂಮಿಡಿಫೈಯರ್ ಎಂಬ ಪದ ತುಮಕೂರು ಜಿಲ್ಲೆಯ ಹಳ್ಳಿಗಳ ಬಾಯಿಗೆ ಬಂದದ್ದು ಈ ಚಾಕಿ ಕೋಣೆಗಳಿಂದ.

ಅಂಥ ಕೋಣೆಯೊಂದರ ಒಳಗನ್ನು ನೋಡಿ. ಒಂದು ಮೂಲೆಯಲ್ಲಿ ಹೀಟರ್, ಇನ್ನೊಂದು ಮೂಲೆಯಲ್ಲಿ ನೀರಿನ ಟ್ಯಾಂಕ್ ಹೊತ್ತ ಹ್ಯೂಮಿಡಿಫೈಯರ್, ಗೋಡೆಯ ಮೇಲೆ ಕಂಟ್ರೋಲರ್ ಪೆಟ್ಟಿಗೆ. ಪೆಟ್ಟಿಗೆಯಿಂದ ಇಳಿದ ಸೆನ್ಸರ್ ತಂತಿ ತಟ್ಟೆಗಳ ಮಟ್ಟದಲ್ಲಿ ತೂಗುತ್ತದೆ. ಹಬೆಯ ಬಾಯಿಗೆ ಎದುರಾಗಿ ಕಟ್ಟಿದರೆ ಕೋಣೆಯೆಲ್ಲ ಒಣಗಿದ್ದರೂ ಯಂತ್ರ ಸಾಕೆಂದು ನಿಂತುಬಿಡುತ್ತದೆ. ಎರಡು ಕಿಲೋವ್ಯಾಟ್‌ನ ಒಂದು ಹೀಟರ್ 230 ವೋಲ್ಟ್‌ನಲ್ಲಿ ಒಂಬತ್ತು ಆಂಪಿಯರ್‌ನಷ್ಟು ಎಳೆಯುತ್ತದೆ. ಬಲ್ಬಿಗೆ ಎಳೆದ ಹಳೆಯ ವೈರು ಅದನ್ನು ತಾಳದು. ಹದಿನಾರು ಆಂಪಿಯರ್ ಸಾಕೆಟ್, ಬೇರೆಯದೇ ಲೈನು, ನೀರಿನ ಕೆಲಸವಾದ್ದರಿಂದ ಸರಿಯಾದ ಅರ್ಥಿಂಗ್ ಇರಲೇಬೇಕು. ಕೊಳವೆಬಾವಿಯ ಗಡಸು ನೀರು ಹಾಕಿದರೆ ಕೆಲವೇ ವಾರಗಳಲ್ಲಿ ಕಾಯಿಲ್ ಮೇಲೆ ಬಿಳಿ ಚಕ್ಕೆ ಕಟ್ಟಿ ಹಬೆ ಸೊರಗುತ್ತದೆ.

ಗೋಡೆಯ ಇನ್ನೊಂದು ಕಡೆ ಇದೆಲ್ಲಕ್ಕಿಂತ ಬಹಳ ಅಗ್ಗದ ಹಳೆಯ ಉಪಕರಣವೊಂದು ತೂಗುತ್ತಿರುತ್ತದೆ: ಜೋಡಿ ಥರ್ಮಾಮೀಟರ್. ಒಂದರ ಬಲ್ಬು ಬರಿದು, ಇನ್ನೊಂದರ ಬಲ್ಬಿಗೆ ನೀರಿನಲ್ಲದ್ದಿದ ಬತ್ತಿ. ಬತ್ತಿಯ ನೀರು ಆವಿಯಾದಷ್ಟೂ ಆ ಬಲ್ಬು ತಣ್ಣಗಾಗುತ್ತದೆ. ಒಣ ಬಲ್ಬು 27, ಹಸಿ ಬಲ್ಬು 25 ತೋರಿಸಿದರೆ ತೇವಾಂಶ ಸುಮಾರು ಶೇ. 85, ಚಾಕಿ ಹುಳು ಸುಖಿ. ಏಪ್ರಿಲ್ ಮಧ್ಯಾಹ್ನ ಹೊರಗೆ 35 ಮತ್ತು 22 ತೋರಿಸಿದರೆ ಶೇ. 31ರ ಆಸುಪಾಸು. ಬತ್ತಿ ಒಣಗಿದರೆ ಮಾತ್ರ ಎರಡೂ ಒಂದೇ ಅಂಕಿ ತೋರಿಸಿ, ಗಾಳಿ ತುಂಬ ಹಸಿಯಾಗಿದೆ ಎಂದು ಸುಳ್ಳು ಹೇಳುತ್ತವೆ. ಇದೇ ಬತ್ತಿಯ ಲೆಕ್ಕವನ್ನು ನಂಬಿರುವ ಕಂಟ್ರೋಲರ್ ಆಗ ಹ್ಯೂಮಿಡಿಫೈಯರನ್ನು ಚಾಲೂ ಮಾಡುವುದೇ ಇಲ್ಲ.

ಹಸಿ ಹೆಚ್ಚಾದರೂ ಕೇಡು. ಜ್ವರಕ್ಕೆ ಕೂತ ಹುಳು ಪೊರೆ ಬಿಡಬೇಕಾದರೆ ಹಾಸಿಗೆ ಒಣಗಿರಬೇಕು; ಆಗ ಯಂತ್ರ ನಿಲ್ಲಿಸಿ, ಕಾಗದ ತೆಗೆದು, ಸುಣ್ಣದ ಪುಡಿ ಉದುರಿಸುತ್ತಾರೆ. ಮಳೆಗಾಲದ ತಂಪು, ತೇವ ಎರಡೂ ಸೇರಿದರೆ ಹುಳು ಸತ್ತು ಸುಣ್ಣದ ಕಡ್ಡಿಯಂತೆ ಬಿಳಿಚುವ ಸುಣ್ಣಕಟ್ಟು ರೋಗ ಬರುತ್ತದೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲಂತೂ ಗಾಳಿಯಾಡಬೇಕು, ತೇವಾಂಶ ಶೇ. 65ರ ಸುತ್ತ ಇರಬೇಕು. ಹಸಿ ಮನೆಯಲ್ಲಿ ಕಟ್ಟಿದ ಗೂಡಿನ ಎಳೆ ಬಿಚ್ಚುವಾಗ ತುಂಡಾಗುತ್ತದೆ. ರಾಮನಗರದ ಮಾರುಕಟ್ಟೆಯಲ್ಲಿ ರೀಲರು ಗೂಡನ್ನು ಕೈಯಲ್ಲಿ ಹಿಡಿದೇ ಅದನ್ನು ಅಂದಾಜು ಮಾಡಿ ದರ ಇಳಿಸುತ್ತಾರೆ. ತಿಂಗಳೊಪ್ಪತ್ತಿನ ಬೆಳೆಯಲ್ಲಿ ಹಸಿ ಎಷ್ಟು ದಿನ, ಒಣ ಎಷ್ಟು ದಿನ ಎಂಬ ಈ ಪಂಚಾಂಗ ಯಾವ ಯಂತ್ರದಲ್ಲೂ ಬರೆದಿಲ್ಲ, ಸಾಕುವವರ ತಲೆಯಲ್ಲಿದೆ.

ಇನ್ನು ಕರೆಂಟು. ಹಳ್ಳಿಯಲ್ಲಿ ವಿದ್ಯುತ್ ಕೈಕೊಡುವ ಹೊತ್ತಿಗೂ ಹುಳುವಿಗೆ ಮೇವು, ಹಸಿ ಬೇಕೇ ಬೇಕು. ಪಂಪ್‌ಸೆಟ್ಟಿನ ಲೈನನ್ನೂ ಮನೆಯ ಲೈನನ್ನೂ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯಿಂದ ಪರಿಸ್ಥಿತಿ ಸುಧಾರಿಸಿದ್ದು ನಿಜ. ಆದರೂ ದೀಪ, ಫ್ಯಾನು ನಡೆಸುವ ಯುಪಿಎಸ್ ಎರಡು ಕಿಲೋವ್ಯಾಟ್ ಹೀಟರನ್ನು ಹೊರಲಾರದು. ಜನರೇಟರ್ ಇಲ್ಲದ ಚಾಕಿ ಕೋಣೆಯಲ್ಲಿ ಕರೆಂಟು ಹೋದ ಕೂಡಲೇ ಮೂಲೆಯ ಗೋಣಿಚೀಲ, ಬಕೆಟ್ಟು ಮತ್ತೆ ಹೊರಬರುತ್ತವೆ.

ದ್ವಿತಳಿ ಹುಳುಮನೆಗೆ ಸಹಾಯಧನ, ತರಬೇತಿ, ಉಪಕರಣ ಸಿಕ್ಕಿರುವುದು ಸರಿಯಾದದ್ದೇ. ಬಿಳಿ ರೇಷ್ಮೆಗೆ ಚೀನಾವನ್ನು ನೆಚ್ಚಿದ್ದ ದೇಶಕ್ಕೆ ಅದು ಬೇಕಿತ್ತು. ಆದರೆ ಕರ್ನಾಟಕದ ಮಿಶ್ರತಳಿ ಗೂಡಿನ ತಾಯಿ ಇಂದಿಗೂ ಮೈಸೂರು ತಳಿಯ ಚಿಟ್ಟೆ. ಕುಣಿಗಲ್, ಮಾಗಡಿ ಸೀಮೆಯ ಬಿತ್ತನೆ ರೈತರು ಬಿದಿರಿನ ತಟ್ಟೆ, ಚಂದ್ರಿಕೆ, ನೆಂದ ಗೋಣಿಗಳಿಂದಲೇ ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಇಳುವರಿ ಕಡಿಮೆಯ ಹುಳು ಸಾಕುವವರಿಗೆ ಬಿತ್ತನೆ ಗೂಡಿನ ದರವೇ ಆಧಾರ. ಆ ದರ ಗಿಟ್ಟದೆ ಅವರು ಹಿಪ್ಪುನೇರಳೆ ಕಿತ್ತು ಅಡಿಕೆ ಹಾಕಿದರೆ ಯಾವ ಕಂಟ್ರೋಲರೂ ಆ ತಳಿಯನ್ನು ಮರಳಿ ತರಲಾರದು. ಹ್ಯೂಮಿಡಿಫೈಯರ್ ಕೊಳ್ಳಲು ನೆರವು ಕೊಡುವ ಇಲಾಖೆ, ಹ್ಯೂಮಿಡಿಫೈಯರ್ ಬೇಡದ ಹುಳುವನ್ನು ಕಾಪಾಡಿರುವ ಈ ಮನೆಗಳ ಲೆಕ್ಕವನ್ನೂ ಅಷ್ಟೇ ಕಾಳಜಿಯಿಂದ ಇಡಬೇಕು.